ಬಿಟ್ಟು ಹೋದವರಿಗೆ ಮಾತಾಡುವ ಹಕ್ಕಿದೆಯಾ?

ಪ್ರಶ್ನೆ: ನಾನು ಏಳು ವರ್ಷದಿಂದ ಹೊರದೇಶದಲ್ಲಿದ್ದೇನೆ. ಊರಲ್ಲಿದ್ದಾಗ ಟಿವಿ ಚರ್ಚೆ, ಪತ್ರಿಕೆಯ ಅಂಕಣ ಯಾವುದನ್ನೂ ಬಿಡುತ್ತಿರಲಿಲ್ಲ. ಒಂದು ಕಡೆ ನಿಂತು ಜೋರಾಗಿ ವಾದ ಮಾಡುತ್ತಿದ್ದೆ. ಈಗ ಅದೇ ಚರ್ಚೆ ನೋಡಿದರೆ ಎರಡೂ ಕಡೆಯವರು ಮುಖ್ಯ ವಿಷಯ ಬಿಟ್ಟು ಬೇರೇನೋ ಮಾತಾಡುತ್ತಿದ್ದಾರೆ ಅನ್ನಿಸುತ್ತದೆ. ಒಮ್ಮೆ ಸಿಟ್ಟು ಬರುತ್ತದೆ, ಒಮ್ಮೆ ನಾಚಿಕೆ ಆಗುತ್ತದೆ, ಕೆಲವು ಸಲ ಏನೂ ಅನ್ನಿಸುವುದೇ ಇಲ್ಲ. ಹೋದ ತಿಂಗಳು ಫೋನಿನಲ್ಲಿ ಅಣ್ಣನ ಜೊತೆ ಮಾತಿಗೆ ಮಾತು ಬೆಳೆಯಿತು. "ನೀನು ಬಿಟ್ಟು ಹೋದವಳು. ಅಲ್ಲಿ ಕೂತು ಇಲ್ಲಿಯದನ್ನ ಹೇಳೋದು ಸುಲಭ" ಅಂದುಬಿಟ್ಟ. ನನ್ನ ಕಣ್ಣು ತಿಳಿಯಾಗಿದೆಯಾ, ಇಲ್ಲ ನಾನೇ ದೂರ ಆಗಿದ್ದೇನಾ? ನನಗೆ ಮಾತಾಡುವ ಹಕ್ಕು ಉಳಿದಿದೆಯಾ? ಇನ್ನೆರಡು ತಿಂಗಳಿಗೆ ಮೂರು ವಾರದ ರಜೆಗೆ ಮನೆಗೆ ಹೋಗುತ್ತಿದ್ದೇನೆ. ಅದಕ್ಕೇ ಈ ಪ್ರಶ್ನೆ.

ಉತ್ತರ:

ನಿಮ್ಮ ಪತ್ರ ಓದಿದಾಗ ನನ್ನದೇ ಹಳೆಯ ದಿನಗಳು ನೆನಪಾದವು. ನಾನು ಒಂಬತ್ತು ವರ್ಷ ಹೊರಗಿದ್ದು ಬಂದವನು. ಬಂದ ಮೇಲೆ ಇಪ್ಪತ್ತು ವರ್ಷ ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದೇನೆ. ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಎಷ್ಟೋ ಜನ ನನ್ನ ಹತ್ತಿರ ಕೇಳಿದ್ದಾರೆ.

ಕಣ್ಣು ತಿಳಿಯಾಗಿದೆಯಾ, ದೂರ ಆಗಿದ್ದೇನಾ ಅಂತ ಕೇಳಿದ್ದೀರಿ. ಇವೆರಡರಲ್ಲಿ ಒಂದು ನಿಜ, ಇನ್ನೊಂದು ಸುಳ್ಳು ಇರಬೇಕು ಅಂದುಕೊಂಡಿದ್ದೀರಿ, ಅಲ್ವಾ? ನನಗೆ ಹಾಗೆ ಕಾಣುವುದಿಲ್ಲ. ಎರಡೂ ಒಟ್ಟಿಗೇ ಆಗಿವೆ. ಹೊರಗೆ ಹೋದವರಿಗೆ ಚರ್ಚೆಯ ಆಕಾರ ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ. ಅದರ ಭಾರ ಮಾತ್ರ ಹೆಗಲಿಗೆ ಬರುವುದಿಲ್ಲ. ನಿಮ್ಮ ಅಣ್ಣ ಹೇಳಿದ್ದು ಭಾರದ ಮಾತು. ನೀವು ಹೇಳುತ್ತಿರುವುದು ಆಕಾರದ ಮಾತು. ಅದಕ್ಕೇ ಇಬ್ಬರೂ ಸರಿಯಿದ್ದು ಜಗಳ ಆಯಿತು.

ಮೊದಲು ಆಕಾರದ ವಿಷಯ ಹೇಳುತ್ತೇನೆ. ಒಂದು ಉದಾಹರಣೆ ತಗೊಳ್ಳೋಣ, ಗುರುತಿನ ಚೀಟಿ.

ಜರ್ಮನಿಯಲ್ಲಿ 16 ತುಂಬಿದ ಪ್ರತಿ ನಾಗರಿಕರ ಹತ್ತಿರ ಗುರುತಿನ ಚೀಟಿ ಅಥವಾ ಪಾಸ್‌ಪೋರ್ಟ್ ಇರಲೇಬೇಕು. ಅದರ ಬಗ್ಗೆ ಅಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬ್ರಿಟನ್ನಿನಲ್ಲಿ ಹಾಗಲ್ಲ. 1939ರಲ್ಲಿ ಯುದ್ಧಕ್ಕೆಂದು ತಂದ ಗುರುತಿನ ಚೀಟಿಯನ್ನು 1952ರಲ್ಲಿ ತೆಗೆದುಹಾಕಿದರು. ಮತ್ತೆ 2006ರಲ್ಲಿ ಹೊಸ ಕಾನೂನು ಬಂತು. ಅದರ ಮೇಲೆ ದೊಡ್ಡ ಜಗಳವೇ ನಡೆದು, 2010ರಲ್ಲಿ ಹೊಸ ಸರ್ಕಾರ ಅದನ್ನು ರದ್ದು ಮಾಡಿತು. ಸರ್ಕಾರ ನಮ್ಮ ಮೇಲೆ ಕಣ್ಣಿಟ್ಟು ಕೂರುತ್ತದೆ ಎಂಬ ಭಯ ಅಲ್ಲಿಯ ಜನರಿಗೆ ತೀರಾ ನಿಜ. ಹಾಗಾದರೆ ಜರ್ಮನರಿಗೆ ಆ ಭಯವೇ ಇಲ್ಲವಾ? ಇದೆ, ಬೇರೆ ಜಾಗದಲ್ಲಿದೆ. 1983ರಲ್ಲಿ ಪಶ್ಚಿಮ ಜರ್ಮನಿಯ ಜನಗಣತಿಗೆ ಜೋರು ವಿರೋಧ ಬಂತು. ವಿಷಯ ಸಂವಿಧಾನ ನ್ಯಾಯಾಲಯದ ತನಕ ಹೋಯಿತು. ತನ್ನ ಮಾಹಿತಿ ಯಾರ ಕೈಗೆ ಹೋಗಬೇಕು ಅನ್ನುವುದನ್ನು ತಾನೇ ತೀರ್ಮಾನಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ ಅಂತ ಆ ವರ್ಷ ಡಿಸೆಂಬರಿನಲ್ಲಿ ಅದು ತೀರ್ಪು ಕೊಟ್ಟಿತು. 2010ರಲ್ಲಿ ಗೂಗಲ್ ರಸ್ತೆಗಳ ಫೋಟೋ ಹಾಕಲು ಹೊರಟಾಗ ಸುಮಾರು 2 ಲಕ್ಷ 44 ಸಾವಿರ ಜರ್ಮನ್ ಮನೆಯವರು ನಮ್ಮ ಮನೆ ಕಾಣದ ಹಾಗೆ ಮಸುಕು ಮಾಡಿ ಅಂತ ಅರ್ಜಿ ಹಾಕಿದರು. ಚೀಟಿ ಜೇಬಿನಲ್ಲಿಟ್ಟುಕೊಂಡು ಓಡಾಡುವವರಿಗೆ ಮನೆಯ ಮುಂಬಾಗಿಲಿನ ಫೋಟೋ ತೊಂದರೆ ಅನ್ನಿಸಿತು.

ಈಗ ಬರ್ಲಿನ್‌ನಲ್ಲಿ ಏಳು ವರ್ಷ ಇರುವ ಒಬ್ಬ ಬ್ರಿಟಿಷ್ ಹೆಂಗಸನ್ನು ನೆನೆಸಿಕೊಳ್ಳಿ. ಊರಿನಿಂದ ಮತ್ತೆ ಗುರುತಿನ ಚೀಟಿಯ ಚರ್ಚೆ ಕೇಳಿಬರುತ್ತದೆ. ಒಬ್ಬರು "ಚೀಟಿ ಬಂದರೆ ಸ್ವಾತಂತ್ರ್ಯ ಹೋಯಿತು" ಅನ್ನುತ್ತಾರೆ. ಇನ್ನೊಬ್ಬರು "ಚೀಟಿ ಬಂದರೆ ಎಲ್ಲ ಸರಿಹೋಗುತ್ತದೆ" ಅನ್ನುತ್ತಾರೆ. ಆಕೆಗೆ ಎರಡೂ ಪೊಳ್ಳು ಅನ್ನಿಸುತ್ತವೆ. ಚೀಟಿ ಇದ್ದೂ ಸ್ವಾತಂತ್ರ್ಯ ಉಳಿದದ್ದನ್ನು ಆಕೆ ದಿನಾ ನೋಡುತ್ತಿದ್ದಾಳೆ. ಚೀಟಿ ಇದ್ದೂ ಕಚೇರಿಗಳಲ್ಲಿ ಕಾಯುವುದು ತಪ್ಪದ್ದನ್ನೂ ನೋಡುತ್ತಿದ್ದಾಳೆ. ಚೀಟಿ ಬೇಕೋ ಬೇಡವೋ ಅನ್ನುವುದಕ್ಕಿಂತ, ಅದರ ಹಿಂದಿರುವ ಮಾಹಿತಿಯನ್ನು ಯಾರು ನೋಡಬಹುದು, ತಪ್ಪಾದರೆ ಯಾರನ್ನು ಕೇಳಬೇಕು ಎಂಬುದೇ ದೊಡ್ಡದು ಅಂತ ಆಕೆಗೆ ಹೊಳೆಯುತ್ತದೆ. ಊರಲ್ಲೇ ಇದ್ದಿದ್ದರೆ ಇದು ಅಷ್ಟು ಸುಲಭವಾಗಿ ಹೊಳೆಯುತ್ತಿರಲಿಲ್ಲ.

ನಿಮಗೆ "ಮುಖ್ಯ ವಿಷಯ ಬಿಟ್ಟು ಮಾತಾಡುತ್ತಿದ್ದಾರೆ" ಅನ್ನಿಸುವುದು ಇದೇ ಥರದ್ದು. ಅದನ್ನು ಸುಮ್ನೆ ಅಹಂಕಾರ ಅಂತ ತಳ್ಳಿಹಾಕಬೇಡಿ. ನಾವು ಬೆಳೆದ ಜಾಗದ ಚರ್ಚೆಯಲ್ಲಿ ಎರಡೂ ಪಕ್ಷದವರು ಒಪ್ಪಿಕೊಂಡುಬಿಟ್ಟಿರುವ ಸಂಗತಿಗಳು ಕೆಲವು ಇರುತ್ತವೆ. ಒಪ್ಪಿಕೊಂಡಿರುವುದರಿಂದಲೇ ಅವುಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಬೇರೆ ಕಡೆ ಅದೇ ಸಂಗತಿ ಬೇರೆ ಥರ ನಡೆಯುವುದನ್ನು ನೋಡಿದಾಗ, ಓ, ಇದನ್ನೂ ಪ್ರಶ್ನೆ ಮಾಡಬಹುದಿತ್ತಲ್ಲ ಅಂತ ಅನ್ನಿಸುತ್ತದೆ. ಜರ್ಮನಿಯ ಹೆದ್ದಾರಿಗಳ ಬಹುಪಾಲಿನಲ್ಲಿ ಕಡ್ಡಾಯ ವೇಗಮಿತಿ ಇಲ್ಲ. 1978ರಿಂದ ಗಂಟೆಗೆ 130 ಕಿಲೋಮೀಟರ್ ಅನ್ನುವುದು ಬರೀ ಸಲಹೆ. ಮಿತಿ ಹಾಕಬೇಕಾ ಅಂತ ಅಲ್ಲಿ ದಶಕಗಳಿಂದ ಜಗಳ. ಪಕ್ಕದ ನೆದರ್ಲೆಂಡ್ಸ್‌ನಲ್ಲಿ 2020ರಿಂದ ಬಹುತೇಕ ಹೆದ್ದಾರಿಗಳಲ್ಲಿ ಹಗಲು ಹೊತ್ತು 100 ಕಿಲೋಮೀಟರ್ ಮಿತಿ. ಅಲ್ಲಿ ಹೋಗಿ ನೆಲೆಸಿದ ಜರ್ಮನ್ ಒಬ್ಬರಿಗೆ ತಮ್ಮ ದೇಶದ ಜಗಳ ಹೇಗೆ ಕೇಳಿಸಬಹುದು ಅಂತ ಯೋಚಿಸಿ ನೋಡಿ.

ಹೊರದೇಶ ಕೊಡುವ ಲಾಭ ಇಷ್ಟು. ಇದು ಸಣ್ಣದಲ್ಲ.

ಇನ್ನು ಭಾರದ ವಿಷಯ. ಇದನ್ನು ಹೇಳಲು ನನ್ನ ಕಥೆಯನ್ನೇ ಹೇಳಬೇಕು.

ನಾನು ಹೊರಗೆ ಹೋಗಿ ಮೂರನೇ ವರ್ಷ. ನಮ್ಮೂರಲ್ಲಿ ಬಸ್ ನೌಕರರ ಮುಷ್ಕರ ಶುರುವಾಯಿತು. ಹನ್ನೊಂದು ದಿನ ನಡೆಯಿತು. ನಾನು ಸಿಕ್ಕ ವರದಿಗಳನ್ನೆಲ್ಲ ಓದಿದೆ. ಹಳೆಯ ಒಪ್ಪಂದ ಏನಿತ್ತು, ಸಂಬಳ ಎಷ್ಟು ಬಾಕಿ ಇದೆ, ನಾನಿದ್ದ ದೇಶದಲ್ಲಿ ಇಂಥದ್ದನ್ನು ಹೇಗೆ ಬಗೆಹರಿಸುತ್ತಾರೆ, ಎಲ್ಲ ಸೇರಿಸಿ ಮನೆಯವರಿಗೆಲ್ಲ ಒಂದು ಉದ್ದ ಇಮೇಲ್ ಬರೆದೆ. ನೌಕರರ ಬೇಡಿಕೆ ನ್ಯಾಯವಾಗಿದೆ, ಜನ ಸ್ವಲ್ಪ ತಾಳ್ಮೆಯಿಂದ ಅವರ ಜೊತೆ ನಿಲ್ಲಬೇಕು ಅನ್ನುವುದು ನನ್ನ ಮಾತಿನ ಸಾರ. ನನ್ನ ಅಕ್ಕ ಅದಕ್ಕೆ ಉತ್ತರ ಬರೆಯಲಿಲ್ಲ. ಆಮೇಲೆ ಒಂದು ಭಾನುವಾರ ಫೋನ್ ಮಾಡಿದಾಗ ಹೇಳಿದಳು, "ನೀನು ಬರೆದದ್ದೆಲ್ಲ ಸರಿ ಇದೆಯಪ್ಪಾ. ಆದ್ರೆ ನೀನು ಅದನ್ನ ಬರೀತಾ ಇದ್ದಾಗ ನಾನು ನಡೀತಾ ಇದ್ದೆ."

ಅವಳು ಹನ್ನೊಂದು ದಿನವೂ ಬೆಳಿಗ್ಗೆ ಒಂದೂಕಾಲು ಗಂಟೆ, ಸಂಜೆ ಒಂದೂಕಾಲು ಗಂಟೆ ನಡೆದು ಕೆಲಸಕ್ಕೆ ಹೋಗಿ ಬಂದಿದ್ದಳು. ಇಷ್ಟೇ ಆಗಿದ್ದರೆ ನಾನು ಇದನ್ನು ಮರೆತುಬಿಡುತ್ತಿದ್ದೆನೇನೋ. ಆಮೇಲೆ ಗೊತ್ತಾದದ್ದು ಏನೆಂದರೆ ಅವಳೂ ನೌಕರರ ಪರವಾಗಿಯೇ ಇದ್ದಳು. ಪಕ್ಕದ ಮನೆಯಲ್ಲಿದ್ದ ಒಬ್ಬ ಕಂಡಕ್ಟರ್‌ಗೆ ಸಂಬಳ ನಿಂತು ಕೈ ಕಟ್ಟಿಹೋಗಿತ್ತು. ಅವರ ಮನೆಗೆ ಅಕ್ಕ ಸಾಲ ಕೊಟ್ಟಿದ್ದಳು. ಕಾಲು ನೋವಿನಲ್ಲಿ ಮನೆಗೆ ಬಂದು, ಮುಷ್ಕರ ಬೈಯುವ ನೆರೆಯವರ ಜೊತೆ ವಾದ ಮಾಡಿದ್ದಳು. ಅಂದರೆ ನನ್ನ ಅಭಿಪ್ರಾಯ, ಅವಳ ಅಭಿಪ್ರಾಯ ಎರಡೂ ಒಂದೇ. ಅವಳು ಅದಕ್ಕೆ ಬೆಲೆ ಕೊಟ್ಟಿದ್ದಳು. ನಾನು ಒಂದು ಸಂಜೆ ಕುರ್ಚಿಯಲ್ಲಿ ಕೂತು ಬರೆದಿದ್ದೆ. "ಜನ ತಾಳ್ಮೆಯಿಂದ ಇರಬೇಕು" ಅಂತ ನಾನು ಬರೆದ ಸಾಲಿನಲ್ಲಿ "ಜನ" ಅಂದರೆ ಅವಳೇ ಆಗಿದ್ದಳು. ನನಗದು ಹೊಳೆದೇ ಇರಲಿಲ್ಲ.

ಇದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ವಿವರಣೆ ಇದೆ. ಯಾಕೋವ್ ಟ್ರೋಪ್ ಮತ್ತು ನೀರಾ ಲಿಬರ್ಮನ್ ಎಂಬ ಇಬ್ಬರು 1990ರ ದಶಕದ ಕೊನೆಯಿಂದ ಈ ಬಗ್ಗೆ ಕೆಲಸ ಮಾಡಿದ್ದಾರೆ. ಒಂದು ವಿಷಯ ನಮ್ಮಿಂದ ದೂರ ಇದ್ದಷ್ಟೂ ನಾವು ಅದರಲ್ಲಿ "ಯಾಕೆ" ಎಂಬುದನ್ನು ನೋಡುತ್ತೇವೆ. ಹತ್ತಿರ ಬಂದಷ್ಟೂ "ಹೇಗೆ" ಎಂಬುದನ್ನು ನೋಡುತ್ತೇವೆ. ದೂರ ಅಂದರೆ ಮೈಲಿ ಲೆಕ್ಕದ್ದು ಮಾತ್ರ ಅಲ್ಲ. ಕಾಲದ ದೂರ, ಸಂಬಂಧದ ದೂರ ಎಲ್ಲವೂ ಹೀಗೇ ಕೆಲಸ ಮಾಡುತ್ತವೆ. ಆ ಮುಷ್ಕರದಲ್ಲಿ ನನ್ನ ಪ್ರಶ್ನೆ "ಯಾಕೆ", ಅಕ್ಕನ ಪ್ರಶ್ನೆ "ನಾಳೆ ಬೆಳಿಗ್ಗೆ ಹೇಗೆ". ನಿಮ್ಮ ಮತ್ತು ನಿಮ್ಮ ಅಣ್ಣನ ಮಾತನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ನೀವು ಕಾರಣ, ನೀತಿ, ತತ್ವ ಹೇಳುತ್ತಿದ್ದಿರಾ? ಅವರು ಈ ವಾರ, ಈ ಬಿಲ್ಲು, ಈ ಕಚೇರಿ ಅಂತ ಹೇಳುತ್ತಿದ್ದರಾ? ಹಾಗಿದ್ದರೆ ನಿಮ್ಮಿಬ್ಬರದು ಅಭಿಪ್ರಾಯದ ಜಗಳವೇ ಅಲ್ಲದಿರಬಹುದು.

ಇನ್ನೊಂದು ಸಂಗತಿ ಇದೆ. ಜನ ಇದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ನೀವು ಊರಲ್ಲಿದ್ದಾಗ ಟಿವಿ ಚರ್ಚೆ ದಿನದಲ್ಲಿ ಎಷ್ಟು ಹೊತ್ತು? ಒಂದು ಗಂಟೆ ಅಂದುಕೊಳ್ಳೋಣ. ಉಳಿದ ಹೊತ್ತೆಲ್ಲ ನೀವು ಆ ದೇಶದಲ್ಲೇ ಓಡಾಡುತ್ತಿದ್ದಿರಿ. ಪಕ್ಕದವರ ಜೊತೆ ಮಾತು, ಕ್ಯೂನಲ್ಲಿ ನಿಲ್ಲುವುದು, ಯಾರೋ ದಾರಿ ತೋರಿಸುವುದು, ಯಾರದೋ ಮದುವೆ. ಟಿವಿಯಲ್ಲಿ ದೇಶ ಹೊತ್ತಿ ಉರಿಯುತ್ತಿದೆ ಅಂದರೂ ಕಿಟಕಿ ತೆಗೆದು ನೋಡಿದರೆ ಬೀದಿ ತನ್ನ ಪಾಡಿಗೆ ಇರುತ್ತಿತ್ತು. ಟಿವಿಯಲ್ಲಿ ಎಲ್ಲ ಚೆನ್ನಾಗಿದೆ ಅಂದರೂ ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ. ಚರ್ಚೆ ಜಾಸ್ತಿ ಹೇಳಿದ್ದನ್ನು ಬದುಕು ತಿದ್ದುತ್ತಿತ್ತು, ಕಡಿಮೆ ಹೇಳಿದ್ದನ್ನೂ ಅದೇ ತಿದ್ದುತ್ತಿತ್ತು.

ಈಗ ಆ ಬದುಕು ನಿಮ್ಮ ಕಣ್ಣ ಮುಂದೆ ಇಲ್ಲ. ಫೋನಿನಲ್ಲಿ ಬರುವುದು ಬರೀ ಚರ್ಚೆ. ಅದೂ ಇಡೀ ಚರ್ಚೆ ಅಲ್ಲ, ಅದರಲ್ಲಿ ಯಾರೋ ಕಿರುಚಿದ ನಲವತ್ತು ಸೆಕೆಂಡಿನ ತುಣುಕು. ನೀವು ನೋಡುತ್ತಿರುವುದು ನಿಮ್ಮ ದೇಶದ ಚರ್ಚೆಯನ್ನು, ನಿಮ್ಮ ದೇಶವನ್ನಲ್ಲ. ಪತ್ರದಲ್ಲಿ ನೀವು ಸಿಟ್ಟು ಅಂತ ಬರೆದಿದ್ದೀರಲ್ಲ, ಅದರ ದೊಡ್ಡ ಪಾಲು ಇಲ್ಲಿಂದಲೇ ಬರುತ್ತಿದೆ ಅಂತ ನನಗೆ ಅನ್ನಿಸುತ್ತದೆ. ಮ್ಯಾಕ್ಸ್‌ವೆಲ್ ಮೆಕ್‌ಕೂಂಬ್ಸ್ ಮತ್ತು ಡೊನಾಲ್ಡ್ ಶಾ ಎಂಬ ಇಬ್ಬರು ಸಂಶೋಧಕರು 1968ರ ಅಮೆರಿಕದ ಚುನಾವಣೆ ಹೊತ್ತಿನಲ್ಲಿ ಚಾಪೆಲ್ ಹಿಲ್ ಎಂಬ ಊರಿನ 100 ಮತದಾರರನ್ನು ಮಾತಾಡಿಸಿದರು. ಯಾರಿಗೆ ವೋಟು ಅಂತ ಆ ನೂರು ಜನ ಇನ್ನೂ ತೀರ್ಮಾನಿಸಿರಲಿಲ್ಲ. ಯಾವ ವಿಷಯ ಮುಖ್ಯ ಅಂತ ಆ ಜನ ಹೇಳಿದರೋ, ಅದಕ್ಕೂ ಸುದ್ದಿಯಲ್ಲಿ ಯಾವುದಕ್ಕೆ ಜಾಗ ಜಾಸ್ತಿ ಸಿಕ್ಕಿತ್ತೋ ಅದಕ್ಕೂ ತುಂಬ ಹೊಂದಾಣಿಕೆ ಇತ್ತು. 1972ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆ ಜನ ಆ ಊರಲ್ಲೇ ಇದ್ದವರು. ಕಿಟಕಿ ತೆಗೆದು ನೋಡಲು ಆಗುತ್ತಿದ್ದವರು. ನಿಮಗೆ ಆ ಕಿಟಕಿಯೂ ಇಲ್ಲ. ಹಾಗಾದರೆ ಯಾವುದು ದೊಡ್ಡ ವಿಷಯ, ಯಾವುದು ಸಣ್ಣದು ಅನ್ನುವ ನಿಮ್ಮ ಅಂದಾಜು ಎಷ್ಟು ಮಟ್ಟಿಗೆ ನಿಮ್ಮದೇ?

ನಾಚಿಕೆಯ ಬಗ್ಗೆ ಬರೆದದ್ದಕ್ಕೆ ನಿಮಗೆ ಥ್ಯಾಂಕ್ಸ್. ಅದನ್ನು ಜನ ಬಾಯಿಬಿಟ್ಟು ಹೇಳುವುದು ಕಡಿಮೆ. ನನಗೆ ಅದು ಹೇಗೆ ಶುರುವಾಯಿತು ಅಂತ ಇವತ್ತಿಗೂ ನೆನಪಿದೆ. ಕಚೇರಿಯಲ್ಲಿ ಮಧ್ಯಾಹ್ನ ಊಟಕ್ಕೆ ಕೂತಾಗ ಒಬ್ಬರು ಪತ್ರಿಕೆ ಮಡಚಿಟ್ಟು ಕೇಳಿದರು, "ನಿಮ್ಮ ದೇಶದಲ್ಲಿ ಹೀಗಂತೆ, ನಿಜವಾ?" ಕೇಳಿದವರಲ್ಲಿ ಕೆಟ್ಟ ಉದ್ದೇಶ ಏನೂ ಇರಲಿಲ್ಲ. ಆದರೆ ನಾನು ಆ ಕ್ಷಣಕ್ಕೆ ಇಡೀ ದೇಶದ ವಕೀಲನಾಗಿಬಿಟ್ಟೆ. "ಹಾಗೇನಿಲ್ಲ, ಅದರ ಹಿಂದೆ ಬೇರೆ ಕಥೆ ಇದೆ" ಅಂತ ಅರ್ಧ ಗಂಟೆ ಸಮರ್ಥನೆ ಮಾಡಿದೆ. ಅದೇ ರಾತ್ರಿ ಮನೆಗೆ ಫೋನ್ ಮಾಡಿ ಅದೇ ವಿಷಯಕ್ಕೆ ಮನೆಯವರನ್ನು ತರಾಟೆಗೆ ತಗೊಂಡೆ. ಮಧ್ಯಾಹ್ನ ವಕೀಲ, ರಾತ್ರಿ ನ್ಯಾಯಾಧೀಶ. ಎರಡೂ ಕಡೆ ನನಗೆ ನಿಜ ಅನ್ನಿಸಿದ್ದನ್ನು ಪೂರ್ತಿ ಹೇಳಿರಲಿಲ್ಲ. ಮಧ್ಯಾಹ್ನ ನುಂಗಿಕೊಂಡದ್ದು ರಾತ್ರಿ ಬಡ್ಡಿ ಸಮೇತ ಹೊರಬಂದಿತ್ತು.

ನಿಮಗೂ ಹೀಗೆ ಆಗುತ್ತಿದೆಯಾ ಅಂತ ನೋಡಿಕೊಳ್ಳಿ. ಊರಿನ ಒಂದು ಚರ್ಚೆ ನೋಡಿ ನಾಚಿಕೆ ಆದಾಗ, ಈ ನಾಚಿಕೆ ಯಾರ ಮುಂದೆ ಅಂತ ಕೇಳಿಕೊಳ್ಳಿ. ಅಲ್ಲಿ ಯಾರಿಗೋ ಅನ್ಯಾಯ ಆಯಿತು ಅಂತ ಬಂದ ನಾಚಿಕೆಯೇ ಬೇರೆ. ಇಲ್ಲಿಯವರು ನನ್ನ ಬಗ್ಗೆ ಏನು ಅಂದುಕೊಂಡಾರೋ ಅಂತ ಬಂದ ನಾಚಿಕೆಯೇ ಬೇರೆ. ಮೊದಲನೆಯದನ್ನು ಕಳೆದುಕೊಳ್ಳಬೇಡಿ. ಎರಡನೆಯದಕ್ಕೆ ನಿಮ್ಮ ಅಣ್ಣನನ್ನು ಹೊಣೆ ಮಾಡಬೇಡಿ. ಇನ್ನು ಕೆಲವು ಸಲ ಏನೂ ಅನ್ನಿಸುವುದಿಲ್ಲ ಅಂದಿರಲ್ಲ, ಅದಕ್ಕೆ ಹೆದರಬೇಕಿಲ್ಲ. ಅಲ್ಲಿಯೇ ಇರುವವರಿಗೂ ಎಷ್ಟೋ ದಿನ ಹಾಗೆ ಆಗುತ್ತದೆ.

ಈಗ ಹಕ್ಕಿನ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಅಣ್ಣನ ಮಾತಿಗೆ ಬಲ ಕೊಡುವವರು ದೊಡ್ಡವರೇ ಇದ್ದಾರೆ. ಬೆನೆಡಿಕ್ಟ್ ಆಂಡರ್ಸನ್ ಎಂಬ ವಿದ್ವಾಂಸರು 1992ರಲ್ಲಿ ಇದಕ್ಕೆ ಒಂದು ಹೆಸರೇ ಕೊಟ್ಟರು, ದೂರದ ರಾಷ್ಟ್ರೀಯತೆ ಅಂತ. ಹೊರದೇಶದಲ್ಲಿ ಸುಖವಾಗಿ ಕೂತವರು ತಾವು ಬಿಟ್ಟುಬಂದ ದೇಶದ ರಾಜಕೀಯಕ್ಕೆ ದುಡ್ಡು ಕಳಿಸುತ್ತಾರೆ, ಪ್ರಚಾರ ಮಾಡುತ್ತಾರೆ. ಅವರು ಅಲ್ಲಿ ತೆರಿಗೆ ಕಟ್ಟುವುದಿಲ್ಲ, ಅಲ್ಲಿಯ ಜೈಲಿಗೆ ಹೋಗುವುದಿಲ್ಲ, ಆದದ್ದಕ್ಕೆ ಯಾರಿಗೂ ಉತ್ತರ ಕೊಡಬೇಕಿಲ್ಲ. ಇದು ಆಂಡರ್ಸನ್ ಅವರ ತಕರಾರು. ಕಠಿಣ ಮಾತು, ಆದರೆ ಅದರಲ್ಲಿ ಸತ್ಯವಿದೆ. ಒಬ್ಬರು ಎಷ್ಟು ದೂರ ಇದ್ದಾರೋ ಅವರ ಮಾತು ಅಷ್ಟು ಖಾರ ಆಗುವುದನ್ನು ನಾನೇ ಕಂಡಿದ್ದೇನೆ. ಖಾರದ ಮಾತಿನಿಂದ ಬೆಂಕಿ ಹತ್ತಿದರೆ ಅದು ಅವರ ಬೀದಿಯಲ್ಲಿ ಹತ್ತುವುದಿಲ್ಲವಲ್ಲ.

ಆದರೆ "ಬಿಟ್ಟು ಹೋದವಳು" ಅಂತ ಹೇಳಿ ಬಾಯಿ ಮುಚ್ಚಿಸುವುದನ್ನು ನಾನು ಒಪ್ಪುವುದಿಲ್ಲ. ಆಲ್ಬರ್ಟ್ ಹರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞ ಇದರ ಬಗ್ಗೆ 1970ರಲ್ಲಿ ಬರೆದರು. ಒಂದು ವ್ಯವಸ್ಥೆ ಹದಗೆಟ್ಟಾಗ ಜನರಿಗೆ ಎರಡು ದಾರಿ ಇರುತ್ತವೆ, ಬಿಟ್ಟುಹೋಗುವುದು ಅಥವಾ ದನಿ ಎತ್ತುವುದು. ಬಿಟ್ಟುಹೋಗುವುದು ಸುಲಭ ಆದಷ್ಟೂ ದನಿ ಕಡಿಮೆ ಆಗುತ್ತದೆ ಅಂತ ಅವರಿಗೆ ಆಗ ಕಂಡಿತ್ತು. 1989ರಲ್ಲಿ ಪೂರ್ವ ಜರ್ಮನಿಯಲ್ಲಿ ಬೇರೆಯದೇ ನಡೆಯಿತು. ಹಂಗೇರಿಯ ಗಡಿ ದಾಟಿ ಸಾವಿರಾರು ಜನ ಹೊರಟುಹೋದರು. ಅದೇ ಹೊತ್ತಿಗೆ ಲೈಪ್‌ಜಿಗ್‌ನ ಬೀದಿಗಳಲ್ಲಿ ಉಳಿದವರ ದನಿ ಜೋರಾಯಿತು. ಹೋದವರು ಮತ್ತು ಉಳಿದವರು ಒಬ್ಬರಿಗೊಬ್ಬರು ಬಲ ಕೊಟ್ಟರು. ಹರ್ಷ್‌ಮನ್ 1993ರಲ್ಲಿ ತಮ್ಮ ಹಳೆಯ ಮಾತನ್ನು ತಾವೇ ತಿದ್ದಿ ಬರೆದರು. ನನಗೆ ಅವರ ಬಗ್ಗೆ ಗೌರವ ಜಾಸ್ತಿ ಆದದ್ದು ಅಲ್ಲಿ.

ಕಾನೂನುಗಳನ್ನು ನೋಡಿದರೆ ದೇಶಗಳೂ ಈ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟಿಲ್ಲ. ಹೊರಗಿರುವ ತನ್ನ ನಾಗರಿಕರಿಗಾಗಿಯೇ ಫ್ರಾನ್ಸ್ ಸಂಸತ್ತಿನ ಕೆಳಮನೆಯಲ್ಲಿ 11 ಸ್ಥಾನ ಇಟ್ಟಿದೆ. 2012ರಲ್ಲಿ ಅವುಗಳಿಗೆ ಮೊದಲ ಸಲ ಚುನಾವಣೆ ನಡೆಯಿತು. ಹೊರಗೆ ಹೋಗಿ 15 ವರ್ಷ ಆದವರಿಗೆ ಬ್ರಿಟನ್‌ನಲ್ಲಿ ಮತ ಇರಲಿಲ್ಲ. 2024ರ ಜನವರಿಯಲ್ಲಿ ಆ ಮಿತಿ ತೆಗೆದರು. ಭಾರತದಲ್ಲಿ 2010ರ ತಿದ್ದುಪಡಿಯ ಮೇಲೆ ಹೊರಗಿರುವ ನಾಗರಿಕರೂ ಮತದಾರರ ಪಟ್ಟಿಗೆ ಸೇರಬಹುದು, ಆದರೆ ಮತ ಹಾಕಲು ಖುದ್ದು ಬರಬೇಕು. ಐರ್ಲೆಂಡ್‌ನಲ್ಲಿ ಹೊರಗೆ ನೆಲೆಸಿದವರಿಗೆ ಸಾಮಾನ್ಯವಾಗಿ ಮತ ಇಲ್ಲ. ಹೋಗಿ 18 ತಿಂಗಳು ದಾಟಿಲ್ಲದೆ, ವಾಪಸು ಬರುವ ಮನಸ್ಸೂ ಇರುವವರು ಮಾತ್ರ ಬಂದು ಹಾಕಬಹುದು. 2015ರಲ್ಲಿ ಸಲಿಂಗ ಮದುವೆಯ ಬಗ್ಗೆ, 2018ರಲ್ಲಿ ಗರ್ಭಪಾತದ ಬಗ್ಗೆ ಅಲ್ಲಿ ಜನಮತ ಕೇಳಿದಾಗ ಸಾವಿರಾರು ಜನ ವಿಮಾನ, ಹಡಗು ಹತ್ತಿ ಊರಿಗೆ ಬಂದರು. ನಿಲ್ದಾಣಗಳಲ್ಲಿ ಅವರನ್ನು ಬರಮಾಡಿಕೊಳ್ಳಲು ಜನ ನಿಂತಿದ್ದರು. ಅಷ್ಟು ದೂರ ಬಂದು ಹಾಕಿದ ವೋಟಿಗೆ "ಸುಲಭದ ಮಾತು" ಅಂತ ಯಾರು ಹೇಳುತ್ತಾರೆ?

ಹಾಗಾಗಿ ಹಕ್ಕು ಇದೆಯಾ ಅಂದರೆ, ಇದೆ. ನಿಮ್ಮ ಅಣ್ಣ ಕೇಳಿದ್ದು ಅದನ್ನಲ್ಲ ಅಂತ ನನ್ನ ಅನುಮಾನ. ನಿನಗೆ ಇಲ್ಲಿಯದು ಇನ್ನೂ ಗೊತ್ತಿದೆಯಾ ಅಂತ ಅವರು ಕೇಳುತ್ತಿದ್ದಾರೆ.

ಗಾಂಧಿ 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದರು. ನಡುವೆ ಒಂದೆರಡು ಸಲ ಬಂದು ಹೋದದ್ದು ಬಿಟ್ಟರೆ, 1914ರ ತನಕ ಅವರ ಬದುಕು ಅಲ್ಲೇ. ವಾಪಸು ಬಂದು ಮುಂಬೈಯಲ್ಲಿ ಇಳಿದದ್ದು 1915ರ ಜನವರಿ 9ಕ್ಕೆ. ಆ ಹೊತ್ತಿಗೆ ಅವರು ಹೆಸರಾದವರು. ಅಲ್ಲಿ ಹೋರಾಟ ಕಟ್ಟಿ, ಜೈಲಿಗೆ ಹೋಗಿ ಬಂದವರು. ಭಾರತದ ಬಗ್ಗೆ ಅವರಿಗೆ ಗಟ್ಟಿ ಅಭಿಪ್ರಾಯಗಳಿದ್ದವು. ಅಂಥವರಿಗೆ ಗೋಖಲೆಯವರು ಒಂದು ಮಾತು ಹಾಕಿದರು. ಒಂದು ವರ್ಷ ದೇಶ ಸುತ್ತು, ನೋಡು, ಸಾರ್ವಜನಿಕ ವಿಷಯಗಳ ಬಗ್ಗೆ ಅಭಿಪ್ರಾಯ ಹೇಳಬೇಡ ಅಂತ. ಗಾಂಧಿ ಒಪ್ಪಿದರು. ಆ ಫೆಬ್ರವರಿಯಲ್ಲೇ ಗೋಖಲೆ ತೀರಿಕೊಂಡರು. ಮಾತು ತಗೊಂಡವರೇ ಇಲ್ಲವಾದರೂ ಗಾಂಧಿ ಆ ಮಾತು ಉಳಿಸಿಕೊಂಡರು. ಮೂರನೇ ದರ್ಜೆ ರೈಲಿನಲ್ಲಿ ಊರೂರು ತಿರುಗಿದರು.

ನನಗೆ ಇದರಲ್ಲಿ ಜಾಸ್ತಿ ಇಷ್ಟ ಆಗುವುದು ಮುಂದೆ ಆದದ್ದು. ವರ್ಷ ಕಳೆದು, 1916ರ ಫೆಬ್ರವರಿಯಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಮಾರಂಭದಲ್ಲಿ ಅವರು ಮಾತಾಡಿದರು. ವೇದಿಕೆ ಮೇಲಿದ್ದ ಮಹಾರಾಜರ ಮೈಮೇಲಿನ ಒಡವೆಗಳ ಬಗ್ಗೆ ಅವರ ಎದುರಿಗೇ ಹೇಳಿದರು. ವಿಶ್ವನಾಥ ದೇವಸ್ಥಾನದ ಗಲ್ಲಿಗಳ ಕೊಳಕಿನ ಬಗ್ಗೆ ಹೇಳಿದರು. ನಮ್ಮ ಜನರ ಮುಂದೆ ಇಂಗ್ಲಿಷಿನಲ್ಲಿ ಮಾತಾಡಬೇಕಾಗಿ ಬಂದದ್ದು ನಾಚಿಕೆ ಅಂದರು. ಅನಿ ಬೆಸೆಂಟ್ ನಡುವೆ ತಡೆದರು, ರಾಜರು ಎದ್ದು ಹೋದರು, ಸಭೆ ಅರ್ಧಕ್ಕೇ ಮುಗಿಯಿತು. ಒಂದು ವರ್ಷ ಸುಮ್ಮನಿದ್ದದ್ದು ಅವರನ್ನು ಮೆತ್ತಗೆ ಮಾಡಲಿಲ್ಲ. ಗಲ್ಲಿಯ ಕೊಳಕನ್ನು ಅವರು ವರದಿ ಓದಿ ಹೇಳಲಿಲ್ಲ, ಅಲ್ಲಿ ನಡೆದು ಬಂದು ಹೇಳಿದರು. ಹೊರಗಿನಿಂದ ತಂದ ಕಣ್ಣನ್ನೂ ಅವರು ಬಿಟ್ಟುಕೊಡಲಿಲ್ಲ. ಇದ್ದವರು ನೋಡಿ ನೋಡಿ ಒಗ್ಗಿಹೋಗಿದ್ದನ್ನು ಅವರು ಎತ್ತಿ ತೋರಿಸಿದರು.

ನಿಮಗೆ ಒಂದು ವರ್ಷ ಇಲ್ಲ, ಮೂರು ವಾರ ಇದೆ. ಅದರಲ್ಲಿ ಏನು ಮಾಡಬಹುದು ಅಂತ ನನಗೆ ತೋಚಿದ್ದನ್ನು ಹೇಳುತ್ತೇನೆ.

ಹೋಗುವ ಮೊದಲು ಒಂದು ಕೆಲಸ. ನೀವು ಈಗಿರುವ ದೇಶದಲ್ಲಿ ನಿಮ್ಮ ಮನೆ ಬಾಗಿಲಿಗೆ ಬರುವ ಒಂದು ಚರ್ಚೆಯನ್ನು ಹಿಡಿದುಕೊಳ್ಳಿ. ಬಾಡಿಗೆ ಇರಬಹುದು, ವೀಸಾ ನಿಯಮ ಇರಬಹುದು, ಶಾಲೆ ಇರಬಹುದು. ಅದರ ಬಗ್ಗೆ ಹೊರಗಿನಿಂದ ಬಂದ ಒಬ್ಬರು, ತಿಂಗಳಿಗೆ ಎರಡು ತುಣುಕು ನೋಡಿ, ನಿಮಗೆ ಬುದ್ಧಿ ಹೇಳಿದರೆ ಹೇಗೆ ಅನ್ನಿಸುತ್ತದೆ ಅಂತ ಊಹಿಸಿ ನೋಡಿ. ಅಣ್ಣನಿಗೆ ಫೋನಿನಲ್ಲಿ ಹೇಗೆ ಅನ್ನಿಸಿತು ಅಂತ ಆಗ ನಿಮಗೆ ಒಳಗಿನಿಂದ ಗೊತ್ತಾಗುತ್ತದೆ. ನಾನು ಇದನ್ನು ತುಂಬ ತಡವಾಗಿ ಮಾಡಿದೆ.

ಊರಿಗೆ ಹೋದ ಮೇಲೆ ಮೊದಲ ವಾರ ತೀರ್ಪು ಕೊಡಬೇಡಿ. ಆಲ್‌ಫ್ರೆಡ್ ಶುಟ್ಸ್ ಎಂಬ ಚಿಂತಕ 1945ರಲ್ಲಿ, ಯುದ್ಧ ಮುಗಿಸಿ ಮನೆಗೆ ಬರುವ ಸೈನಿಕರನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಮಾತು ಬರೆದರು. ಬಂದವನು ತಾನು ಬಿಟ್ಟುಹೋದ ಮನೆಗೆ ಬರುವುದಿಲ್ಲ. ಮನೆಯವರು ಕಳಿಸಿಕೊಟ್ಟ ಮನುಷ್ಯನೂ ವಾಪಸು ಬರುವುದಿಲ್ಲ. ಇದು ಅದರ ಸಾರ. ನಿಮ್ಮ ತಲೆಯಲ್ಲಿರುವ ಊರು ನೀವು ಹೊರಟ ವರ್ಷದ ಊರು. ಅದರ ಮೇಲೆ ಈಗಿನ ಚರ್ಚೆಗಳನ್ನು ಅಂಟಿಸಿ ನೋಡುತ್ತಿದ್ದೀರಿ. ಏಳು ವರ್ಷದಲ್ಲಿ ಪದಗಳ ಅರ್ಥವೇ ಸರಿದಿರುತ್ತದೆ. ನೀವಿದ್ದಾಗ ಮಾಮೂಲಿಯಾಗಿದ್ದ ಒಂದು ಪದ ಈಗ ಒಂದು ಪಕ್ಷದ ಪದ ಆಗಿರಬಹುದು. ನೀವು ಅದನ್ನು ಸಹಜವಾಗಿ ಬಳಸುತ್ತೀರಿ, ಅಣ್ಣನ ಮುಖ ಬಿಗಿಯುತ್ತದೆ. ಯಾಕೆ ಅಂತ ನಿಮಗೆ ಗೊತ್ತಾಗುವುದಿಲ್ಲ. ಅಂಥ ಕಡೆ ವಾದ ಮುಂದುವರಿಸುವ ಬದಲು "ಈ ಪದ ಈಗ ಯಾರು ಹೇಳ್ತಾರೆ?" ಅಂತ ಕೇಳಿ. ಆ ಒಂದು ಪ್ರಶ್ನೆಯಿಂದ ನಿಮಗೆ ಏಳು ವರ್ಷದ ಕಥೆ ಸಿಗುತ್ತದೆ.

ನಿಮಗೆ ಕಂಡ ಆಕಾರವನ್ನು ಮುಚ್ಚಿಡಬೇಡಿ. ಮುಚ್ಚಿಟ್ಟರೆ ಅದು ನನ್ನ ಹಾಗೆ ಯಾವುದೋ ರಾತ್ರಿ ಸಿಟ್ಟಾಗಿ ಹೊರಬರುತ್ತದೆ. ಹೇಳುವ ಬಗೆ ಮಾತ್ರ ಬೇರೆ ಇರಲಿ. "ಅಲ್ಲಿ ಹೀಗೆ ಮಾಡ್ತಾರೆ, ಇಲ್ಲಿ ಯಾಕೆ ಆಗಲ್ಲ?" ಅಂದರೆ ಅಣ್ಣನಿಗೆ ಅದು ಹೋಲಿಕೆಯ ಚುಚ್ಚು. "ಅಲ್ಲಿ ಹೀಗೆ ಮಾಡಿದ್ದನ್ನ ನೋಡಿದೆ. ಇಲ್ಲಿ ಮಾಡಿದ್ರೆ ಮೊದಲು ಯಾರಿಗೆ ಕಷ್ಟ ಆಗುತ್ತೆ?" ಅಂತ ಕೇಳಿದರೆ ಉತ್ತರ ಅವರ ಹತ್ತಿರ ಇದೆ, ನಿಮ್ಮ ಹತ್ತಿರ ಇಲ್ಲ. ಅದು ಅವರಿಗೂ ಗೊತ್ತಾಗುತ್ತದೆ.

ಕೊನೆಯದಾಗಿ, ಆ ಮೂರು ವಾರದಲ್ಲಿ ಒಂದು ದಿನ ಅಣ್ಣನ ಜೊತೆ ಅವರ ಕೆಲಸದ ದಾರಿಯಲ್ಲಿ ಹೋಗಿ. ಅವರು ಹೋಗುವ ಹೊತ್ತಿಗೇ ಹೊರಡಿ, ಅವರು ಹೋಗುವ ಹಾಗೆಯೇ ಹೋಗಿ, ಸಂಜೆ ಅವರ ಜೊತೆಗೇ ವಾಪಸು ಬನ್ನಿ. ನೀವಿಬ್ಬರೂ ಜಗಳ ಆಡಿದ ವಿಷಯ ಆ ದಾರಿಯಲ್ಲಿ ಎಲ್ಲಿ ಎದುರಾಗುತ್ತದೆ, ಎದುರಾಗುತ್ತದೆಯೇ ಇಲ್ಲವೇ ಅಂತ ನೋಡಿ. ನಾನು ಊರಿಗೆ ಬಂದ ಮೇಲೆ ಒಂದು ದಿನ ಅಕ್ಕನ ಜೊತೆ ಅವಳ ಕಚೇರಿಯ ತನಕ ನಡೆದಿದ್ದೆ. ಬಸ್ಸು ಇತ್ತು, ಆದರೂ ನಡೆಯೋಣ ಅಂದೆ. ಒಂದೂಕಾಲು ಗಂಟೆ ಅಂದಿದ್ದಳಲ್ಲ, ನನ್ನ ಜೊತೆಗೆ ಅದು ಒಂದೂಮುಕ್ಕಾಲು ಗಂಟೆ ಆಯಿತು. ದಾರಿಯಲ್ಲಿ ಅವಳು ಆ ಕಂಡಕ್ಟರ್ ಮನೆ ತೋರಿಸಿದಳು. ಸಾಲ ತೀರಿಸಿದರಾ ಅಂತ ಕೇಳಿದೆ. "ಯಾವಾಗ್ಲೋ ತೀರಿಸಿದ್ರು," ಅಂದಳು, "ನೀನು ಅದನ್ನ ಕೇಳಿದ್ದು ಇವತ್ತೇ ಮೊದಲು."